ಟಿಕೆಟ್ ಇಲ್ಲದ ಸುದ್ದಿ ಮತ್ತು ನನ್ನ ಕುತ್ತಿಗೆಯ ಗಂಟು

ಗಡ್ಡ ಕೆರೆದುಕೊಳ್ಳುವಾಗ ಕೈಗೆ ಸಿಕ್ಕಿತು.

ಎಡಗಡೆ, ಕಿವಿಯ ಕೆಳಗೆ, ಅಂಗಿಯ ಕಾಲರ್ ಮುಟ್ಟುವ ಜಾಗದಲ್ಲಿ ಒಂದು ಗಂಟು. ಅಡಿಕೆಯಷ್ಟು. ನೋವಿಲ್ಲ. ಒತ್ತಿದರೆ ತುಸು ಸರಿಯುತ್ತದೆ, ಬಿಟ್ಟರೆ ಮತ್ತೆ ತನ್ನ ಸೀಟಿಗೆ ಬಂದು ಕೂರುತ್ತದೆ. ಹಾನಗಲ್ಲಿನಿಂದ ಹಿರೇಕೆರೂರಿಗೆ, ಶಿಗ್ಗಾಂವಿಯಿಂದ ಸವಣೂರಿಗೆ ಓಡಾಡುತ್ತ ಟಿಕೆಟ್ ಹರಿದು ನಿವೃತ್ತನಾದ ಕಂಡಕ್ಟರ್ ನಾನು. ತಮ್ಮದಲ್ಲದ ಸೀಟು ಹಿಡಿದವರನ್ನು ಎಬ್ಬಿಸುವುದು ನನಗೆ ಹೊಸದಲ್ಲ. ಇದು ಏಳಲಿಲ್ಲ.

ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗವಾಗುವಷ್ಟು ಸೊರಗಿದೆ. ನನ್ನ ಹೆಂಡತಿ ಶಾಂತವ್ವ ಒಂದು ದಿನ ನನ್ನ ಕುತ್ತಿಗೆ ಮುಟ್ಟಿ ನೋಡಿದವಳು ನೇರ ಒಳಗೆ ಹೋಗಿ, ಊರಿಗೆ ಹೋಗುವ ಸೀರೆ ಉಟ್ಟು ಹೊರಗೆ ಬಂದಳು.

"ನಡೀರಿ ಹಾನಗಲ್ಲಿಗೆ."

ಡಾಕ್ಟರು ಇನ್ನೂ ಎಳೆಯ ವಯಸ್ಸಿನವರು. ಗಂಟನ್ನು ನಿಧಾನವಾಗಿ ಒತ್ತಿ ನೋಡಿದರು. "ಎಫ್‌ಎನ್‌ಎಸಿ ಮಾಡಿಸಬೇಕ್ರಿ. ಸಣ್ಣ ಸೂಜಿ ಹಾಕಿ ಒಂದೀಟು ತೆಗೆದು ಮೈಕ್ರೋಸ್ಕೋಪ್‌ನ್ಯಾಗ ನೋಡ್ತಾರ. ಹಾವೇರಿಗೆ ಬರದು ಕೊಡ್ತೇನಿ."

"ಏನಿರಬಹುದ್ರಿ ಸರ?"

"ಭಾಳ ಥರ ಇರಬಹುದ್ರಿ. ನೋಡೋಣಂತ."

ನೋಡೋಣಂತ. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಾಗ ನಾನು ಪ್ರಯಾಣಿಕರಿಗೆ ಹೇಳುತ್ತಿದ್ದ ಮಾತು. ಅದನ್ನು ಹೇಳುವಾಗ ಬಸ್ಸು ಹೊರಡುತ್ತದೆಂಬ ನಂಬಿಕೆ ನನಗೇ ಇರುತ್ತಿರಲಿಲ್ಲ.

ಕ್ಯಾನ್ಸರ್.

ಆ ಶಬ್ದ ಡಾಕ್ಟರು ಆಡಲಿಲ್ಲ, ಶಾಂತವ್ವ ಆಡಲಿಲ್ಲ. ನಮ್ಮೂರು ತಿಳವಳ್ಳಿಗೆ ಮರಳುವ ಬಸ್ಸಿನಲ್ಲಿ ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಅದೇ ಕೂತಿತ್ತು.

ಇಲ್ಲಿ ನಮ್ಮೂರಿನ ಗ್ರಂಥಾಲಯದ ಬಗ್ಗೆ ಹೇಳದೆ ಕಥೆ ಮುಂದೆ ಹೋಗದು. ನಿವೃತ್ತನಾದಂದಿನಿಂದ ನನ್ನ ಬೆಳಗು ಅಲ್ಲಿಯೇ. ಪೇಪರ್ ಓದುವ ಉದ್ದನೆಯ ಮೇಜಿನ ಸುತ್ತ ನಾವೊಂದು ಗುಂಪು: ಸವಣೂರು ವೀಳ್ಯದೆಲೆಯ ವ್ಯಾಪಾರ ಮಾಡಿ ದಣಿದ ಇಮಾಮಸಾಬ, ಹಿಟ್ಟಿನ ಗಿರಣಿಯ ಗುರುಬಸಪ್ಪ, ನಾನು, ಮತ್ತೆ ಬಂದುಹೋಗುವವರು. ಗುರುಬಸಪ್ಪನ ಕಿವಿ ಗಿರಣಿಯ ಸದ್ದಿಗೆ ಮಂದವಾಗಿದೆ, ದನಿ ಮಾತ್ರ ಗಿರಣಿಯಷ್ಟೇ ಗಟ್ಟಿ. ಹೀಗಾಗಿ ಗಟ್ಟಿಯಾಗಿ ಓದುವ ಅಧಿಕಾರ ಅವನದು, ಕೇಳಿ ತಕರಾರು ತೆಗೆಯುವ ಅಧಿಕಾರ ಉಳಿದವರದು.

ಈ ಮೇಜಿಗೆ ಒಂದು ಕಾನೂನು ಉಂಟು. ನಾನೇ ತಂದದ್ದು. ಯಾರೇ ಸುದ್ದಿ ಹೇಳಲಿ, ಯಾವ ಪೇಪರು, ಯಾವ ದಿನದ್ದು, ಎಷ್ಟನೇ ಪುಟ ಎಂದು ತೋರಿಸಬೇಕು. ಇದಕ್ಕೆ ನಾವು ಟಿಕೆಟ್ ಎನ್ನುತ್ತೇವೆ. ಟಿಕೆಟ್ ಇಲ್ಲದ ಸುದ್ದಿ ಹತ್ತಿಸಿದವನು ಎಲ್ಲರಿಗೂ ಚಹಾ ಕುಡಿಸಬೇಕು. ಈ ಕಾನೂನು ಸರ್ಕಾರಗಳು ಬದಲಾದರೂ ಬದಲಾಗಿಲ್ಲ. ಬೆಳ್ಳುಳ್ಳಿಯ ಬೆಲೆಯ ಬಗ್ಗೆ ಗಾಳಿಮಾತು ಆಡಿದ್ದಕ್ಕೆ ಇಮಾಮಸಾಬ ದಂಡ ತೆತ್ತಿದ್ದಾನೆ. ಮಂತ್ರಿಯೊಬ್ಬರು ರಾಜೀನಾಮೆ ಕೊಡುವ ಮೊದಲೇ ಕೊಡಿಸಿದ್ದಕ್ಕೆ ಗುರುಬಸಪ್ಪ ತೆತ್ತಿದ್ದಾನೆ. ತಪಾಸಣಾಧಿಕಾರಿಯಾದ ನಾನು ಎಂದೂ ತೆತ್ತವನಲ್ಲ.

ಅಂಥ ನನ್ನ ಫೋನಿಗೆ ಚಿಕ್ಕೇರೂರಿನಿಂದ ಒಂದು ವಿಡಿಯೊ ಬಂತು.

ಕಳಿಸಿದವನು ಶಾಂತವ್ವನ ತಮ್ಮ ಶಿವಾನಂದ. ಒಳ್ಳೆಯ ಮನುಷ್ಯ. ಅವನ ಒಳ್ಳೆಯತನಕ್ಕೆ ಬಿಡುವೆಂಬುದಿಲ್ಲ, ಅಷ್ಟೇ ತೊಂದರೆ. ವಿಡಿಯೊದಲ್ಲಿ ಬಿಳಿ ಕೋಟಿನ ಒಬ್ಬಾತ ಕಣ್ಣರಳಿಸಿ ಹೇಳುತ್ತಿದ್ದ: ಗಂಟಿಗೆ ಸೂಜಿ ತಾಗಿಸಿದರೆ ಮುಗಿಯಿತು, ಒಳಗೆ ಮಲಗಿದ್ದ ಕ್ಯಾನ್ಸರ್ ಎದ್ದು ಮೈತುಂಬ ಹರಡುತ್ತದೆ, ಅದರ ಬದಲು ಈ ಲೇಪ ಹಚ್ಚಿ.

"ಮಾಮಾ, ಸೂಜಿ ಚುಚ್ಚಿಸ್ಕೋಬ್ಯಾಡ್ರಿ," ಎಂದು ಶಿವಾನಂದ ಫೋನಿನಲ್ಲಿ ಅಳುವುದೊಂದು ಬಾಕಿ. "ನನ್ನ ಆಣಿ ಐತಿ. ಲೇಪ ನಾನೇ ತರ್ತೇನಿ."

ತಂದ. ಹಚ್ಚಿಕೊಂಡೆ.

ಜೀವಮಾನವಿಡೀ ಟಿಕೆಟ್ ಕೇಳಿದವನು ಯಾಕೆ ಕೇಳಲಿಲ್ಲ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಬೆಳ್ಳುಳ್ಳಿಯ ಬೆಲೆ ಏರಿದರೂ ಇಳಿದರೂ ನನಗೆ ಹೆದರಿಕೆಯಿಲ್ಲ, ಅದಕ್ಕೆ ಪುಟದ ಸಂಖ್ಯೆ ಕೇಳುವುದು ಸುಲಭ. ಸೂಜಿಯೆಂದರೆ ಹೆದರಿಕೆಯಿತ್ತು, ಸೂಜಿ ಹೇಳಬಹುದಾದ ಉತ್ತರದ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಎರಡರಿಂದಲೂ ಪಾರಾಗುವ ದಾರಿ ತೋರಿಸುತ್ತೇನೆಂದು ಬಂದವನನ್ನು ಬಾಗಿಲು ತೆರೆದು ಒಳಗೆ ಕರೆದು, ಕಿಟಕಿಯ ಪಕ್ಕದ ಸೀಟು ಕೊಟ್ಟೆ. ಶಾಂತವ್ವ ಎಷ್ಟು ಹೇಳಿದರೂ ಹಾವೇರಿಗೆ ಬರೆದುಕೊಟ್ಟ ಚೀಟಿ ಗಡಿಯಾರದ ಹಿಂದೆ ಸಿಕ್ಕಿಸಿದಲ್ಲೇ ಉಳಿಯಿತು.

ಗಂಟು ಅಡಿಕೆಯಿಂದ ನಿಂಬೆಕಾಯಿಯಾಯಿತು. ಚರ್ಮ ಕೆಂಪಾಯಿತು. ಮಫ್ಲರ್ ಸುತ್ತಿಕೊಂಡು ಗ್ರಂಥಾಲಯಕ್ಕೆ ಹೋಗತೊಡಗಿದೆ. ಬಿಸಿಲು ಸುಡುವ ದಿನಗಳಲ್ಲಿ.

ಒಂದು ಬೆಳಿಗ್ಗೆ ಗುರುಬಸಪ್ಪ ಸಂಪಾದಕೀಯ ಓದುತ್ತಿದ್ದಾಗ ಶಾಂತವ್ವ ನೇರ ಒಳಗೆ ಬಂದಳು. ನನ್ನ ಫೋನು ಅವಳ ಕೈಯಲ್ಲಿತ್ತು. ಮೇಜಿನ ನಡುವೆ ಇಟ್ಟು ವಿಡಿಯೊ ಹಚ್ಚಿದಳು. ಬಿಳಿ ಕೋಟಿನವನು ಇಡೀ ಸಭೆಗೆ ಉಪನ್ಯಾಸ ಕೊಟ್ಟ. ಮುಗಿದ ಮೇಲೆ ಅವಳು ನನ್ನ ಮಫ್ಲರ್ ಬಿಚ್ಚಿದಳು.

ಗುರುಬಸಪ್ಪ ಪೇಪರು ಮಡಚಿ ಕೆಳಗಿಟ್ಟ.

"ಟಿಕೆಟ್ ತೋರಸ್ರಿ," ಎಂದಳು. "ಯಾವ ಪೇಪರ್ರಿ ಇದು? ಎಷ್ಟನೇ ಪುಟ? ದಿನಾ ಮಂದಿಗೆ ಕೇಳ್ತೀರಲ್ಲ, ಈಗ ನಾ ಕೇಳಾಕತ್ತೇನಿ."

ಇಮಾಮಸಾಬ ಕನ್ನಡಕ ತೆಗೆದು ನನ್ನ ಕುತ್ತಿಗೆ ನೋಡಿದ. "ಕಂಡಕ್ಟರ್ ಸಾಹೇಬ್ರ, ನಮಗೂ ಹೇಳ್ಲಿಲ್ಲಲ್ರಿ ನೀವು. ಬೆಳ್ಳುಳ್ಳಿಗೆ ನನ್ನ ಮರ್ಯಾದಿ ತಗದವ್ರು, ಕುತ್ತಿಗಿಗೆ ಸುಮ್ಮನ ಕುಂತ್ರಿ?"

ಅಷ್ಟರಲ್ಲಿ ಗ್ರಂಥಪಾಲಕಿ ರೇಖಾ ಮೇಡಂ ಬಂದರು. ಗ್ರಂಥಾಲಯ ವಿಜ್ಞಾನ ಓದಿದವರು. ಶನಿವಾರ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಯಾವ ಮಾಹಿತಿ ನಂಬಬೇಕು, ಯಾವುದನ್ನು ನಂಬಬಾರದು ಎಂದು ಪಾಠ ಮಾಡುತ್ತಾರೆ. ಆ ಹೊತ್ತಿನಲ್ಲಿ ಗಲಾಟೆಯಾಗುತ್ತದೆಂದು ನಾವು ಹಿರಿಯರು ಗೊಣಗುತ್ತ ಎದ್ದು ಹೋಗುತ್ತಿದ್ದೆವು. ಅಂದು ಆ ಪಾಠಕ್ಕೆ ನಾನೊಬ್ಬನೇ ವಿದ್ಯಾರ್ಥಿ.

"ಈ ವಿಡಿಯೊದಾಗ ಮಾತಾಡಾಂವ ಯಾರ್ರಿ? ಹೆಸರು ಹೇಳ್ಯಾನೇನು?"

ಹೇಳಿರಲಿಲ್ಲ.

"ಯಾವ ಆಸ್ಪತ್ರಿ? ಯಾವಾಗ ಮಾಡಿದ್ದು?"

ಗೊತ್ತಿಲ್ಲ.

"ಕಡೀಕ ಏನು ಮಾರ್ಯಾನ?"

"ಲೇಪ," ಎಂದ ಗುರುಬಸಪ್ಪ, ಎಲ್ಲರಿಗಿಂತ ಗಟ್ಟಿಯಾಗಿ. ಅದೊಂದು ಅವನಿಗೆ ಕೇಳಿಸಿತ್ತು.

ಮೇಡಂ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಸರ್ಕಾರದ ಆರೋಗ್ಯ ಮಾಹಿತಿ ತೆಗೆದರು, ದೊಡ್ಡ ಆಸ್ಪತ್ರೆಯೊಂದರ ಪುಟ ತೆಗೆದರು, ಕಪಾಟಿನಿಂದ ಆರೋಗ್ಯದ ಪುಸ್ತಕವನ್ನೂ ತಂದಿಟ್ಟರು. ಮೂರೂ ಕಡೆ ಒಂದೇ ಮಾತಿತ್ತು: ಸೂಜಿಯ ತಪಾಸಣೆಯಿಂದ ರೋಗ ಹರಡುತ್ತದೆಂಬ ಹೆದರಿಕೆಗೆ ಆಧಾರವಿಲ್ಲ, ಗಂಟು ಏನೆಂದು ತಿಳಿಯದೆ ತಡ ಮಾಡುವುದರಲ್ಲೇ ಅಪಾಯ. ಗುರುಬಸಪ್ಪ ಅದನ್ನು ಪುಟದ ಸಂಖ್ಯೆಯ ಸಮೇತ ಗಟ್ಟಿಯಾಗಿ ಓದಿದ. ತೀರ್ಪು ಓದಿದ ಹಾಗೆ.

"ಹಂಗಾದ್ರ ನನಗ ಕ್ಯಾನ್ಸರ್ ಇಲ್ಲೇನ್ರಿ?" ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅದನ್ನ ನಾ ಹೇಳೂದಲ್ರಿ. ಈ ಪುಸ್ತಕಾನೂ ಹೇಳಂಗಿಲ್ಲ," ಎಂದರು ಮೇಡಂ. "ಡಾಕ್ಟರಿಗೆ ಏನು ಕೇಳಬೇಕು ಅನ್ನೂದನ್ನ ಇಲ್ಲೇ ತಯಾರು ಮಾಡ್ಕೊಂಡು ಹೋಗ್ರಿ. ಅಷ್ಟ ನಾನು ಮಾಡಬಲ್ಲೆ."

ತಯಾರು ಮಾಡಿಕೊಂಡೆವು. ಇದು ಏನೇನು ಇರಬಹುದು? ತಪಾಸಣೆಯಲ್ಲಿ ಗೊತ್ತಾಗದಿದ್ದರೆ ಮುಂದೇನು? ಮನೆಯವರಿಗೆ ಅಂಟುತ್ತದೆಯೇ? ಹಾವೇರಿಯ ದಾರಿಯುದ್ದಕ್ಕೂ ಅವನ್ನು ಮಾರ್ಗದ ಊರುಗಳಂತೆ ಬಾಯಿಪಾಠ ಮಾಡಿದೆ. ಪಕ್ಕದಲ್ಲಿ ಶಾಂತವ್ವ, ಹಿಂದಿನ ಸೀಟಿನಲ್ಲಿ ಇಮಾಮಸಾಬ. ಬರುವುದು ಬೇಡವೆಂದರೆ, "ಹಾವೇರ್ಯಾಗ ನಂದೂ ಕೆಲಸ ಐತ್ರಿ," ಎಂದ. ಆ ಕೆಲಸ ಯಾವುದೆಂದು ಅವನು ಇವತ್ತಿನವರೆಗೆ ಹೇಳಿಲ್ಲ. ನಾನೂ ಟಿಕೆಟ್ ಕೇಳಿಲ್ಲ.

ಸೂಜಿ ಇರುವೆ ಕಚ್ಚಿದಷ್ಟು. ಇಷ್ಟಕ್ಕಾಗಿ ನಾನು ಲೇಪ ಬಳಿದುಕೊಂಡು ಕೂತಿದ್ದೆ. ರಿಪೋರ್ಟಿಗೆ ಕಾಯುವುದು ಮಾತ್ರ ಕಷ್ಟದ್ದು. ಅನ್ನ ನುಂಗುವಾಗಲೂ ಗಂಟಿನ ನೆನಪು. ಶಾಂತವ್ವ ದೇವರ ಮುಂದೆ ಕೂತು ಎದ್ದು, ಮತ್ತೆ ಕೂರುತ್ತಿದ್ದಳು.

ಟಿ.ಬಿ.

ಕ್ಷಯರೋಗದ ಹೆಸರು ಕೇಳಿ ಆನಂದಬಾಷ್ಪ ಸುರಿಸಿದವರು ಲೋಕದಲ್ಲಿ ಕಡಿಮೆ. ನಾವು ಗಂಡಹೆಂಡತಿ ಸುರಿಸಿದೆವು. ಹಾವೇರಿಯ ಡಾಕ್ಟರು ಗಾಬರಿಯಾದರು.

"ಕುತ್ತಿಗಿ ಲಿಂಫ್ ನೋಡ್ ಟಿ.ಬಿ. ಐತ್ರಿ, ಅಂದ್ರ ಗಂಟಿನ ಟಿ.ಬಿ. ಎಕ್ಸ್‌ರೇದಾಗ ಶ್ವಾಸಕೋಶ ಸ್ವಚ್ಛ ಐತಿ. ಆರು ತಿಂಗಳು ಗುಳಿಗಿ ತಪ್ಪದ ತಗೋಬೇಕು. ನಡುವ ಬಿಟ್ರಿ ಅಂದ್ರ ಮತ್ತ ತ್ರಾಸು."

ನಾನು ಮೂರನೆಯ ಪ್ರಶ್ನೆ ಕೇಳಿದೆ. ಶ್ವಾಸಕೋಶದಲ್ಲಿ ಇಲ್ಲದ್ದರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ, ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ ಎಂದರು. ಮನೆಯವರನ್ನೂ ಒಮ್ಮೆ ತಪಾಸಣೆ ಮಾಡಿದರು. ಮೂತ್ರ ಕೇಸರಿ ಬಣ್ಣವಾಗುತ್ತದೆ, ಅದು ಗುಳಿಗೆಯ ಬಣ್ಣ, ಹೆದರಬೇಡಿ ಎಂದೂ ಹೇಳಿದರು. ಹೇಳದೆ ಇದ್ದಿದ್ದರೆ ಮರುದಿನ ಬೆಳಿಗ್ಗೆ ನಾನು ಉಯಿಲು ಬರೆಯುತ್ತಿದ್ದೆ.

ಆದರೆ ಮೇಜಿಗೆ ಹೇಗೆ ಹೇಳುವುದು? ಅಂದೂ ಜೊತೆಗೆ ಬಂದಿದ್ದ ಇಮಾಮಸಾಬ ಹೊರಗೆ ಕಾಯುತ್ತಿದ್ದ, ಕ್ಯಾನ್ಸರ್ ಅಲ್ಲವೆಂದಷ್ಟೇ ಅವನಿಗೆ ಹೇಳಿದ್ದೆ. ಟಿ.ಬಿ. ಎಂದರೆ ನಮ್ಮ ಕಡೆ ಇನ್ನೂ ದನಿ ತಗ್ಗಿಸಿ ಆಡುವ ಶಬ್ದ. ಎದ್ದು ಹೋಗಲು ಎಲ್ಲರಿಗೂ ಕಾಲಿವೆ. ಮರುದಿನ ಗ್ರಂಥಾಲಯದ ಹೊಸ್ತಿಲಲ್ಲೇ ನಿಂತು, ಸ್ಟಾಪ್ ಕೂಗುವ ದನಿಯಲ್ಲಿ ಘೋಷಿಸಿದೆ.

"ನನಗ ಟಿ.ಬಿ. ಆಗೇತಿ. ಗಂಟಿಂದು. ಅಂಟಂಗಿಲ್ಲ."

ಗುರುಬಸಪ್ಪ ಕೈ ಕಿವಿಗಿಟ್ಟು ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೈ ಚಾಚಿದ.

"ಟಿಕೆಟ್?"

ಅದೇ ಆರೋಗ್ಯದ ಪುಸ್ತಕ ತೆಗೆದು ಪುಟ ತೋರಿಸಿದೆ. ಡಾಕ್ಟರ ಮಾತನ್ನೂ ಒಪ್ಪಿಸಿದೆ. ಗುರುಬಸಪ್ಪ ಇಡೀ ಪುಟ ಓದಿದ, ರೇಖಾ ಮೇಡಂ ಕೆಲಸ ನಿಲ್ಲಿಸಿ ಕೇಳಿದರು. ಓದು ಮುಗಿದರೂ ಅವನು ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ಸ್ವಲ್ಪ ಸರಿಸಿಕೊಂಡ. ಪುಟ ಓದಿದ ಕೂಡಲೇ ಹೆದರಿಕೆ ಹೋಗಬೇಕೆಂದು ಕಾನೂನಿನಲ್ಲಿ ಬರೆದಿರಲಿಲ್ಲ. ನನ್ನದೂ ಹೋಗಿರಲಿಲ್ಲವಲ್ಲ.

ಚಹಾ ಬಂತು. ವಿಡಿಯೊದ ದಂಡ, ನನ್ನ ಲೆಕ್ಕದ್ದು. ಇಮಾಮಸಾಬ ಎಂದಿನಂತೆ ತನ್ನ ಕಪ್ಪಿನಿಂದ ಅರ್ಧ ಚಹಾವನ್ನು ಅದರಡಿಯ ಬಸಿಗೆ ಸುರಿದು ನನ್ನ ಮುಂದೆ ತಳ್ಳಿದ. ನಾನು ಮುಟ್ಟಲಿಲ್ಲ.

"ಕುಡೀರಿ. ಪುಟ ನಾನೂ ಕೇಳೇನಿ," ಎಂದ.

ಬಸಿ ಖಾಲಿಯಾದ ಮೇಲೆ ಅದರಲ್ಲೇ ಉಳಿದರ್ಧ ಸುರಿದು ತಾನು ಕುಡಿದ. ನಾನು ಇನ್ನೊಂದು ಸುತ್ತು ಚಹಾ ಹೇಳಿದೆ. ಅದು ದಂಡದ್ದಲ್ಲ.

ಗುಳಿಗೆಗಳು ದೊಡ್ಡವು. ಹೊಟ್ಟೆ ತೊಳಸಿತು, ಕಾಲು ಜೋಮುಹಿಡಿಯಿತು. ಆಗೆಲ್ಲ ಮೊದಲು ಡಾಕ್ಟರಿಗೆ ಫೋನು, ಆಮೇಲೆ ಪುಸ್ತಕ, ಫೋನಿನ ವಿಡಿಯೊ ಎಂದೂ ಇಲ್ಲ. ಬರಬರುತ್ತ ಹಸಿವೆಯಾಯಿತು. ಗುರುಬಸಪ್ಪನ ಕುರ್ಚಿ ಯಾವ ದಿನ ಹಳೆಯ ಜಾಗಕ್ಕೆ ಮರಳಿತೆಂದು ಅವನೂ ಗಮನಿಸಲಿಲ್ಲ. ಗಂಟು ಹುಣಸೆಬೀಜದಷ್ಟಾಗಿ, ಮುಂದೆ ಕೈಗೆ ಸಿಗದಾಯಿತು. ಔಷಧಿ ಮುಗಿಯಿತೆಂದು ಡಾಕ್ಟರು ಹೇಳಿದ ದಿನ ಶಾಂತವ್ವ ಹೋಳಿಗೆ ಮಾಡಿದಳು. ಆಗಾಗ ಬಂದು ತೋರಿಸಿಕೊಳ್ಳಿ ಎಂದೂ ಡಾಕ್ಟರು ಹೇಳಿದ್ದಾರೆ. ಹೋಗುತ್ತೇನೆ. ಗ್ರಂಥಾಲಯ ನನ್ನ ಗಂಟು ಕರಗಿಸಲಿಲ್ಲ, ಅದು ಗುಳಿಗೆಯ ಕೆಲಸ. ಆದರೆ ಗುಳಿಗೆಯ ಊರಿಗೆ ಹೋಗುವ ಬಸ್ಸು ನನಗೆ ಸಿಕ್ಕಿದ್ದು ಆ ಮೇಜಿನ ಹತ್ತಿರವೇ. ಈಗ ಶನಿವಾರದ ಪಾಠದಲ್ಲಿ ನಾವು ಹಿರಿಯರೂ ಎದ್ದು ಹೋಗದೆ ಕೂರುತ್ತೇವೆ. ಗಲಾಟೆ ಮಾಡುವವರು ಈಗ ನಾವೇ.

ಇಷ್ಟಕ್ಕೆ ಮುಗಿಸಬಹುದಿತ್ತು. ಕಳೆದ ವಾರ ಹುಲಗೂರಿನ ಹಳೆಯ ಡ್ರೈವರ್ ಮಿತ್ರನೊಬ್ಬ ಫೋನು ಮಾಡಿದ. "ನಿಮ್ಮ ಗಂಟು ಲೇಪದಾಗ ಕರಗಿತಂತಲ್ರಿ! ನನ್ನ ಸೊಸಿಗೂ ಕುತ್ತಿಗ್ಯಾಗ ಒಂದು ಆಗೇತಿ. ಆ ಲೇಪ ಎಲ್ಲಿ ಸಿಗತೈತ್ರಿ?"

ವಿಚಾರಿಸಿದೆ. ಶಿವಾನಂದ, ನನ್ನ ಕುತ್ತಿಗೆಯ ಮೇಲಿನ ಪ್ರೀತಿಯಿಂದ, ಆ ವಿಡಿಯೊದ ಕೆಳಗೆ "ತಿಳವಳ್ಳಿಯ ನಮ್ಮ ಮಾಮಾಗೆ ಪೂರ್ತಿ ಕರಗಿದೆ" ಎಂದು ಸೇರಿಸಿ ನಾನು ಟಿಕೆಟ್ ಹರಿದ ನಾಲ್ಕೂ ತಾಲ್ಲೂಕಿಗೆ ಹಂಚಿದ್ದ. ನಾನೇ ಒಂದು ಟಿಕೆಟ್ ಇಲ್ಲದ ಸುದ್ದಿಯಾಗಿ ಊರೂರು ಓಡಾಡುತ್ತಿದ್ದೆ.

ಮಿತ್ರನಿಗೆ ನಿಜ ಹೇಳಿದೆ. ಸೊಸೆಯನ್ನು ಶಿಗ್ಗಾಂವಿಗೆ ತೋರಿಸಲು ಕರೆದೊಯ್ದನೆಂದು ನಿನ್ನೆ ಗೊತ್ತಾಯಿತು. ಶಿವಾನಂದನನ್ನು ಅವನ ಅಕ್ಕ ಫೋನಿನಲ್ಲಿ ವಿಚಾರಿಸಿಕೊಂಡಿದ್ದಾಳೆ, ಅವನು ಆ ವಿಡಿಯೊ ಅಳಿಸಿದ್ದಾನೆ. ಆದರೆ ಅಷ್ಟರಲ್ಲಿ ಅದು ಎಷ್ಟು ಊರು ದಾಟಿದೆಯೋ ಅವನಿಗೂ ಗೊತ್ತಿಲ್ಲ.

ಅದಕ್ಕೇ ಇದನ್ನು ಬರೆದೆ. ಆ ವಿಡಿಯೊ ನಿಮ್ಮ ಫೋನಿಗೂ ಬಂದಿದ್ದರೆ, ಅದರ ಕೆಳಗೆ ಬರೆದಿರುವ ಮಾಮಾ ನಾನೇ. ಲೇಪ ಹಚ್ಚುತ್ತ ಕೂತಿದ್ದಕ್ಕೆ ಗಂಟು ಬೆಳೆಯಿತು. ಸೂಜಿಯಿಂದ ಗೊತ್ತಾಯಿತು, ಗುಳಿಗೆಯಿಂದ ವಾಸಿಯಾಯಿತು. ಟಿಕೆಟ್ ಬೇಕಾದವರು ಯಾವುದೇ ಬೆಳಿಗ್ಗೆ ತಿಳವಳ್ಳಿಯ ಗ್ರಂಥಾಲಯಕ್ಕೆ ಬರಬಹುದು. ಕಾಲರ್ ಸರಿಸಿ ಕುತ್ತಿಗೆ ತೋರಿಸುತ್ತೇನೆ.