ಅಪ್ಪ ಕಾಗದದಲ್ಲಿ ಕಲಿಸಿದ ಜಾರಾಟ

ಎರಡೂ ಕಾಲನ್ನು ಹಲಗೆಗೆ ಸಿಕ್ಕಿಸಿಕೊಂಡು ನೆಟ್ಟಗೆ ನಿಂತೆ ನೋಡಿ, ಅಷ್ಟೇ. ಮರುಕ್ಷಣ ಒಣಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದೆ.

ದಿಬ್ಬದ ಮೇಲೆ ನಿಂತಿದ್ದ ಅಮ್ಮ ಕೈಯಲ್ಲಿದ್ದ ಇನ್‌ಲ್ಯಾಂಡ್ ಲೆಟರ್ ನೋಡಿಕೊಂಡು ಕೂಗಿದಳು. "ಮಂಡಿ ಬಗ್ಗಿಸ್ಬೇಕಂತೆ ಕಣೇ! ಕಾಲು ನೋಡ್ಬಾರ್ದಂತೆ, ಎದುರಿಗೆ ನೋಡ್ಬೇಕಂತೆ!"

ಆ ಕಾಗದ ಬರೆದದ್ದು ಅಪ್ಪ. ಆಗ ಅವರು ಮಿಲಿಟರಿಯಲ್ಲಿದ್ದರು, ಕಾಶ್ಮೀರದ ಕಡೆ ಎಲ್ಲೋ ಹಿಮದ ನಡುವೆ. ಅಮ್ಮ, ನಾನು, ತಮ್ಮ ಮಂಜು ಅತ್ತಿಗುಪ್ಪೆಯ ಬಾಡಿಗೆ ಮನೆಯಲ್ಲಿ.

ಎಂಬತ್ತನಾಲ್ಕೋ ಎಂಬತ್ತೈದೋ ಇರಬೇಕು. ನನಗೆ ಹನ್ನೊಂದು ವರ್ಷ.

ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಿಕೊಂಡು ಹೋಗುವುದನ್ನು ಅಪ್ಪನಿಗೆ ಅಲ್ಲಿ ಕಲಿಸಿದ್ದರು. ಸ್ಕೀಯಿಂಗ್ ಅಂತೆ. ಬೇಸಿಗೆ ರಜಕ್ಕೆ ಬಂದಾಗ ನಿಮಗೂ ಕಲಿಸ್ತೀನಿ, ಹಿಮ ಇಲ್ಲದಿದ್ದರೇನಂತೆ, ಒಣಹುಲ್ಲಿನ ಮೇಲೂ ಜಾರಬಹುದು ಅಂತ ಪ್ರಾಮಿಸ್ ಮಾಡಿದ್ದರು. ನಾನು ಕ್ಲಾಸಿಗೆಲ್ಲ ಡಂಗುರ ಸಾರಿ ಬಂದಿದ್ದೆ.

ರಜ ಬಂತು. ಅಪ್ಪ ಬರಲಿಲ್ಲ...

ಲೀವ್ ಕ್ಯಾನ್ಸಲ್ ಆಯಿತು ಅಂತ ಕಾಗದ ಬಂತು. ಹಲಗೆ ಹೇಗೆ ಮಾಡಿಕೊಳ್ಳಬೇಕು, ಹೇಗೆ ನಿಲ್ಲಬೇಕು, ಬಿದ್ದರೆ ಯಾವ ಕಡೆ ಬೀಳಬೇಕು, ಎಲ್ಲವನ್ನೂ ಅದರಲ್ಲೇ ನಂಬರ್ ಹಾಕಿ ಬರೆದಿದ್ದರು.

ನನಗೆ ಎಂಥಾ ಕೋಪ ಬಂತು ಅಂದರೆ, ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟೆ. ಪಾಪ, ಅವಳೇನು ಮಾಡಿದ್ದಳು!

ಹಣ್ಣಿನ ಅಂಗಡಿಯಲ್ಲಿ ಕೇಳಿ ಸೇಬಿನ ಪೆಟ್ಟಿಗೆ ತಂದವಳು ಅವಳೇ. ಹಲಗೆ ಬಿಡಿಸಿ, ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕಾಲು ಸಿಕ್ಕಿಸಲು ಪಟ್ಟಿ ಹೊಡೆದು, ತಳಕ್ಕೆ ಮೇಣದಬತ್ತಿ ತಿಕ್ಕಿದಳು. ಭಾನುವಾರ ಬೆಳಗ್ಗೆ ಚಿತ್ರಾನ್ನದ ಡಬ್ಬಿ ಹಿಡಿದು ನಮ್ಮನ್ನು ನಡೆಸಿಕೊಂಡು ಹೊರಟಳು.

ಪಕ್ಕದ ಮನೆ ಆಂಟಿ ಗೇಟಿನಲ್ಲೇ ಹಿಡಿದರು. "ಏನ್ರೀ, ಬೆಳ್‌ಬೆಳಗ್ಗೆ ಸೌದೆ ಹೊತ್ಕೊಂಡು ಎಲ್ಲಿಗೆ?"

"ಬೆಟ್ಟಕ್ಕೆ ರೀ," ಅಂದಳು ಅಮ್ಮ, ಮುಖದಲ್ಲಿ ನಗುವೇ ಇಲ್ಲದೆ.

ಬೆಟ್ಟ ಅಂದರೆ ಜ್ಞಾನಭಾರತಿ ದಾಟಿ, ಮಲ್ಲತ್ತಹಳ್ಳಿ ಕೆರೆ ಕಡೆ ಹೋಗುವಾಗ ಸಿಗುತ್ತಿದ್ದ ಒಂದು ದಿಬ್ಬ. ಮೇಲೆ ಒಂದು ಹೊಂಗೆ ಮರ, ಇಳಿಜಾರಿನ ತುಂಬಾ ಮೊಣಕಾಲುದ್ದದ ಒಣಹುಲ್ಲು.

ಮಂಜು ಜಾಣ. ಹಲಗೆ ಮೇಲೆ ಕುಂಡೆ ಊರಿ ಕೂತು ಸುಯ್ಯಂತ ಕೆಳಗೆ ಹೋಗುತ್ತಿದ್ದ. ನಾನು ಮಾತ್ರ ನಿಂತೇ ಜಾರಬೇಕು, ಯಾಕಂದರೆ ಅಪ್ಪ ನಿಂತೇ ಜಾರುತ್ತಾರೆ.

ನಿಂತೆ, ಬಿದ್ದೆ. ಮತ್ತೆ ನಿಂತೆ, ಮತ್ತೆ ಬಿದ್ದೆ. ಒಂದು ಸಲ ಕಲ್ಲಿಗೆ ತಾಗಿ ಮಂಡಿ ಕಿತ್ತುಹೋಯಿತು. ಅಮ್ಮ ಸೆರಗಿನಲ್ಲಿ ರಕ್ತ ಒರೆಸಿ, "ಸಾಕು ಬಾರೇ" ಅಂದಳು. ನಾನು ಕೇಳಬೇಕಲ್ಲ!

ಹೇಗೆ ನಿಲ್ಲಬೇಕು ಅನ್ನುವುದೆಲ್ಲ ಕಾಗದದಲ್ಲಿತ್ತು. ನನಗೆ ಬೇಕಿದ್ದದ್ದು ಕೆಳಗೆ ಕೈ ಚಾಚಿಕೊಂಡು ನಿಂತಿರುವ ಅಪ್ಪ. ಬೇರೇನೂ ಬೇಡವಾಗಿತ್ತು.

ಚಿತ್ರಾನ್ನ ತಿನ್ನುವಾಗ ಮಂಜು, "ಅಮ್ಮ, ಆಮೇಲೇನು ಬರ್ದಿದಾರೆ? ಇನ್ನೂ ಇದೆಯಲ್ಲ," ಅಂದ.

ಅಮ್ಮ ಕಾಗದ ಮಡಿಸಿದಳು. "ಅದು ನಿಮ್ಗಲ್ಲ, ತಿನ್ನೋ ಸುಮ್ನೆ."

ಆಮೇಲೆ ಬಹಳ ಹೊತ್ತು ಕೆರೆ ಕಡೆಗೇ ನೋಡುತ್ತಾ ಕೂತಿದ್ದಳು. ಆಗ ನನಗೆ ಅದೆಲ್ಲ ಎಲ್ಲಿ ಅರ್ಥವಾಗಬೇಕು...

ಸಾಯಂಕಾಲ ಮನೆಗೆ ಬಂದವಳೇ ಹೊಸ ಇನ್‌ಲ್ಯಾಂಡ್ ಲೆಟರ್ ತೆಗೆದು, "ಒಬ್ಬೊಬ್ರೂ ಅಪ್ಪಂಗೆ ಎರಡೆರಡು ಸಾಲು ಬರೀರಿ" ಅಂದಳು. ಮಂಜು ತಾನು ಜಾರಿದ್ದನ್ನೇ ಬರೆದ.

ನಾನು ಬರೆದದ್ದು ಇಷ್ಟು: ನಾನು ಒಂದು ಸಲವೂ ಬೀಳಲಿಲ್ಲ. ಎಲ್ಲಾ ಕಲಿತಾಯಿತು. ಇನ್ನು ನೀವು ಕಲಿಸುವುದಕ್ಕೆ ಬರುವ ಅಗತ್ಯ ಇಲ್ಲ.

ಅಮ್ಮ ಓದಿದಳು. ನನ್ನ ಮುಖ ನೋಡಿದಳು. ಅನ್ನದ ಅಗುಳು ಹಚ್ಚಿ ಕಾಗದ ಅಂಟಿಸಿಬಿಟ್ಟಳು.

ಅಪ್ಪ ದಸರಾ ಹೊತ್ತಿಗೆ ಬಂದರು. ಪೂರ್ತಿ ಒಂದು ತಿಂಗಳ ರಜ. ಬಾಗಿಲ ಹಿಂದೆ ನಿಲ್ಲಿಸಿದ್ದ ಹಲಗೆಗಳನ್ನು ಎತ್ತಿ ನೋಡಿ, "ಏನಮ್ಮ, ಎಲ್ಲಾ ಕಲ್ತುಬಿಟ್ಯಂತೆ?" ಅಂದರು.

"ಹೂಂ," ಅಂದೆ.

ಅಷ್ಟೇ ಮಾತು. ಅವರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಸರ್ಕಸ್ಸಿಗೆ ಹೋದೆವು, ಮಸಾಲೆದೋಸೆ ತಿಂದೆವು. ಒಂದು ದಿನ ಅಪ್ಪ ಟ್ರಂಕ್ ಎತ್ತಿಕೊಂಡು ರೈಲು ಹತ್ತಿದರು.

ಮುಂದಿನ ಸಲ ಅವರು ಬರುವಷ್ಟರಲ್ಲಿ ದಿಬ್ಬದ ಸುತ್ತ ಸೈಟಿನ ಕಲ್ಲು ನೆಟ್ಟಾಗಿತ್ತು. ನಾನೂ ಜಾರುವ ವಯಸ್ಸು ದಾಟಿದ್ದೆ.

ಹೋದ ವಾರ ಅಪ್ಪನ ಪಕ್ಕ ಕೂತು ಟಿವಿ ನೋಡುತ್ತಿದ್ದೆ. ಅಪ್ಪ ಅಮ್ಮ ಈಗ ನಮ್ಮ ಜೊತೆಗೇ ಇದ್ದಾರೆ. ಟಿವಿಯಲ್ಲಿ ಯಾರೋ ಹಿಮದ ಮೇಲೆ ಜಾರುತ್ತಿದ್ದರು. ನನಗೆ ಅದೇನಾಯಿತೋ, ಬಾಯಿಂದ ಬಂದೇಬಿಟ್ಟಿತು.

"ಅಪ್ಪ, ನಾನು ಅವತ್ತು ಸುಳ್ಳು ಬರ್ದಿದ್ದೆ. ಇಡೀ ದಿನ ಬರೀ ಬಿದ್ದಿದ್ದೇ ಬಿದ್ದಿದ್ದು."

"ಗೊತ್ತು," ಅಂದರು. "ಬಂದ ದಿನಾನೇ ನಿನ್ ಮಂಡಿ ಮೇಲಿನ ಕಲೆ ನೋಡ್ದೆ."

"ಗೊತ್ತಿದ್ದೂ ಯಾಕೆ ಕರ್ಕೊಂಡು ಹೋಗ್ಲಿಲ್ಲ?" ಐವತ್ತು ದಾಟಿದ ಹೆಂಗಸು ನಾನು, ಹನ್ನೊಂದರ ಹುಡುಗಿ ಥರ ಜಗಳಕ್ಕೇ ನಿಂತಿದ್ದೆ.

ಅಪ್ಪ ರಿಮೋಟ್ ಎತ್ತಿ ಟಿವಿ ಸದ್ದು ತಗ್ಗಿಸಿದರು.

"ಬರೋ ಅಗತ್ಯ ಇಲ್ಲ ಅಂತ ಬರ್ದಿದ್ಯಲ್ಲಮ್ಮ... ನೀನಾಗೇ 'ಬನ್ನಿ ಅಪ್ಪ' ಅಂತೀಯೇನೋ ಅಂತ ಪ್ರತಿ ಭಾನುವಾರ ಕಾದೆ. ಅಷ್ಟರಲ್ಲಿ ರಜ ಮುಗೀತು."

ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಅಪ್ಪಂಗೆ ತಕ್ಕ ಮಗಳು! ಇಬ್ರೂ ಬಾಯಲ್ಲಿ ಕಡುಬು ಇಟ್ಕೊಂಡಿದ್ರಾ ಆಗ?"

ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ, ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಆ ನಾಲ್ಕೂ ಭಾನುವಾರ ನಾನೂ ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತೇ ಇದ್ದೆ ಅಂತ ಈಗ ಅವರಿಗೆ ಹೇಳಲೋ, ಬೇಡವೋ?