ಎಲ್ಲರೂ ಹುಷಾರಾಗಿದ್ದ ಊರು

ಮೊನ್ನೆ ಮೂಡಬಿದ್ರೆಯ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕುಳಿತವರೊಬ್ಬರು ಉದ್ದ ಹಿಡಿಯ ಕರಿ ಕೊಡೆಯನ್ನು ಬಿಡಿಸಿ ಒಣಗಲು ಇಟ್ಟರು. ಒದ್ದೆ ಬಟ್ಟೆಯ ಮುಗ್ಗುಲು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಆಚೆ ಸರಿದು ಕುಳಿತೆ. ಅವರು ಬೇಸರಪಟ್ಟಿರಬೇಕು. ಇಂಥದ್ದೇ ಒಂದು ಕೊಡೆಯಿಂದಾಗಿ ಇಡೀ ಊರು ನನ್ನ ಮೇಲೆ ಗುಮಾನಿಪಟ್ಟಿತ್ತೆಂದು ಅವರಿಗೇನು ಗೊತ್ತು?

ಎಂಬತ್ತರ ದಶಕದ ಆರಂಭದ ಮಾತು. ಕಾಲೇಜಿನ ಕೆಲಸಕ್ಕೆ ರಜೆ ಹಾಕಿ ಎಂ.ಫಿಲ್. ಮಾಡುತ್ತಿದ್ದೆ. ಸಂಶೋಧನೆಯ ವಿಷಯ, ಹಳ್ಳಿಯ ಕುಟುಂಬಗಳ ಆರೋಗ್ಯ ಮತ್ತು ಕ್ಷೇಮ. ಈ ಕ್ಷೇಮ ಎಂಬ ಶಬ್ದದ ಮೇಲೆಯೇ ನನಗೆ ನಂಬಿಕೆಯಿರಲಿಲ್ಲ ನೋಡಿ. ಆಗೆಲ್ಲ ಜನ ಕಾಗದದ ಮೊದಲ ಸಾಲಿನಲ್ಲಿ ‘ಇತ್ತ ಎಲ್ಲರೂ ಕ್ಷೇಮ’ ಎಂದು ಬರೆದು, ಸ್ವಲ್ಪ ಕೆಳಗೆ ಅಜ್ಜಿ ಹಾಸಿಗೆ ಹಿಡಿದ ಸುದ್ದಿ ತಿಳಿಸುತ್ತಿದ್ದರು. ನನ್ನ ಮಾರ್ಗದರ್ಶಕರು ಮಾತ್ರ ಎಲ್ಲರನ್ನೂ ನಂಬುವ ಮನುಷ್ಯ. “ಹೋಗಿ ಕೇಳಿ, ಜನ ಹೇಳ್ತಾರೆ. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಗೆ ದಾಟಿಸಬೇಡಿ, ಅಷ್ಟೇ” ಎಂದು ಕಳುಹಿಸಿದರು.

ವೇಣೂರಿನ ಆಚೆ ಗದ್ದೆಬೈಲಿನ ಕೆಲವು ಮನೆಗಳನ್ನು ಆರಿಸಿಕೊಂಡೆ. ಹೆಗಲಲ್ಲಿ ಜೋಳಿಗೆ, ಕಂಕುಳಲ್ಲಿ ಕೊಡೆ. ಮೊದಲ ದಿನ ನನ್ನನ್ನು ಕಂಡದ್ದೇ ಗಂಡಸರೆಲ್ಲ ಹಿತ್ತಿಲ ಬಾಗಿಲಿನಿಂದ ಮಾಯ. ತುರ್ತುಪರಿಸ್ಥಿತಿ ಕಾಲದ ಸಂತಾನಹರಣ ‘ಆಪರೇಶನ್’ ಭಯ ಇನ್ನೂ ಬಿಟ್ಟಿರಲಿಲ್ಲ. ಅದು ಬೇಗ ಸರಿಹೋಯಿತು. ಸರಿಹೋಗದ್ದು ಇನ್ನೊಂದು. ನಾನು ತುಳುವಿನಲ್ಲಿ ಕೇಳಿದರೂ ಅವರ ಉತ್ತರ ಕನ್ನಡದಲ್ಲಿ, ಅದೂ ಪಾಠ ಒಪ್ಪಿಸುವ ಕನ್ನಡದಲ್ಲಿ. ಶಾಲಾ ಇನ್‌ಸ್ಪೆಕ್ಟರಿಗೆ, ಪೊಲೀಸರಿಗೆ ಎಂದು ಎತ್ತಿಟ್ಟ ಕನ್ನಡ ಅದು.

“ನಮ್ಮಲ್ಲಿ ಯಾರಿಗೂ ಏನೂ ತೊಂದರೆ ಇಲ್ಲ. ಎಲ್ಲರೂ ಹುಷಾರಾಗಿದ್ದೇವೆ.”

ಒಳಗಿನಿಂದ ಯಾರೋ ಕೆಮ್ಮುವುದು ಕೇಳುತ್ತಿರುತ್ತದೆ. ಯಾರದು ಎಂದರೆ, “ಅದು ನೆಂಟರು.”

ಇನ್ನೂ ವಿಚಿತ್ರವೆಂದರೆ, ಎಲ್ಲ ಮನೆಯವರೂ ಕೇಳದೆಯೇ ಒಂದು ಮಾತು ಸೇರಿಸುತ್ತಿದ್ದರು: “ಗಿರಿಜಕ್ಕನ ಮನೆಯಲ್ಲಿ ಸಹ ಯಾರಿಗೂ ಏನಿಲ್ಲ. ಮಗಳು ಜಲಜಳಿಗಂತೂ ಒಂದು ನೆಗಡಿ ಸಹ ಬಂದದ್ದಿಲ್ಲ.” ಕೇಳದೆ ಸಿಗುವ ಉತ್ತರವನ್ನು ನಂಬುವ ಜಾತಿಯವನಲ್ಲ ನಾನು. ಮಾರ್ಗದ ಬದಿಯ ಅಂಗಡಿಯಲ್ಲಿ ಶರಬತ್ತು ಕುಡಿಯುತ್ತ ಈ ವಿಷಯ ತೆಗೆದೆ. ಅಂಗಡಿಯ ಹಮೀದ್ ಬ್ಯಾರಿ ನನ್ನ ಕೊಡೆಯನ್ನು ಓರೆಗಣ್ಣಿನಿಂದ ನೋಡಿ, “ಅದಿರ್ಲಿ ಮಾಸ್ಟ್ರೇ, ನೀವು ಪುಂಜಾಲಕಟ್ಟೆಯ ಟೈಲರ್ ಹುಡುಗನ ಕಡೆಯವರಲ್ವಾ?” ಎಂದರು.

ಆಗ ನನ್ನ ತಲೆಗೆ ಹೊಳೆಯಿತು. ಸಂಬಂಧ ಕುದುರುವ ಮೊದಲು ಗಂಡಿನ ಕಡೆಯವರು ಒಬ್ಬನನ್ನು ವಿಚಾರಿಸಲು ಕಳುಹಿಸುವುದುಂಟು. ಅವನು ನೆರೆಕರೆಗೆಲ್ಲ ಹೋಗಿ, ಬಾಯಾರಿಕೆಯ ನೆಪದಲ್ಲಿ ಕುಳಿತು, ಆ ಮನೆಯಲ್ಲಿ ಸೀಕುಗೀಕು ಉಂಟಾ ಎಂದು ತಿಳಿದುಕೊಂಡು ಬರಬೇಕು. ಅಂಥವನ ವೇಷವೆಂದರೆ ಜೋಳಿಗೆ, ಕೊಡೆ ಮತ್ತು ಅತಿವಿನಯ. ಎಲ್ಲವೂ ನನ್ನಲ್ಲಿದ್ದುವು! ಜಲಜಳಿಗೆ ಪುಂಜಾಲಕಟ್ಟೆಯಿಂದ ಪ್ರಸ್ತಾಪ ಬಂದಿತ್ತು. ನಾನು ಕೇಳಿದಷ್ಟೂ ಅವಳಿಗಾಗಿ ಇಡೀ ಬೈಲು ಆರೋಗ್ಯವಂತವಾಗುತ್ತ ಹೋಯಿತು.

ಮರುವಾರ ಒಂದು ಮಧ್ಯಾಹ್ನ ಬಂಟ್ವಾಳದ ಅಕ್ಕನ ಮನೆಗೆ ಹೊರಟು ಬಸ್ಸಿಗೆ ಕಾಯುತ್ತಿದ್ದೆ. ಬೀಡಿಕಟ್ಟುಗಳ ಚೀಲ ಹಿಡಿದ ಹುಡುಗಿಯೊಬ್ಬಳು ಹತ್ತಿರ ಬಂದು ನಿಂತಳು. ಗಿರಿಜಕ್ಕನ ಜಗಲಿಯಲ್ಲಿ ತಲೆ ತಗ್ಗಿಸಿ ಬೀಡಿ ಕಟ್ಟುತ್ತಿದ್ದ ಜಲಜ. ಅವಳು ಮಾತಾಡಿದ್ದು ತುಳುವಿನಲ್ಲಿ. ಆ ಬೈಲಿನಲ್ಲಿ ನನ್ನೊಡನೆ ತುಳು ಆಡಿದ ಮೊದಲ ಜೀವ.

“ನೀವು ಅವರ ಕಡೆಯವರಲ್ವಾ?”

“ಅಲ್ಲಮ್ಮ. ನಾನು ಓದುತ್ತಾ ಇದ್ದೇನೆ.”

“ಈ ಪ್ರಾಯದಲ್ಲಿ ಯಾರು ಓದ್ತಾರೆ? ಇರಲಿ. ಅವರಿಗೆ ಹೇಳಿಬಿಡಿ, ನನಗೆ ಫಿಟ್ಸ್ ಉಂಟು. ಮಾತ್ರೆ ತಿಂದ್ರೆ ಬರುವುದಿಲ್ಲ, ಬಿಟ್ರೆ ಬರ್ತದೆ. ಅಮ್ಮ ಹೇಳ್ಬೇಡ ಅಂತಾರೆ. ಮದುವೆ ಆದ ಮೇಲೆ ನಾನು ಮಾತ್ರೆ ಎಲ್ಲಿ ಅಡಗಿಸಿಡುವುದು?”

ನನ್ನ ಬುದ್ಧಿಯನ್ನು ಕೇಳಿ. ಮೊದಲು, ಇವಳನ್ನು ತಾಯಿಯೇ ಪರೀಕ್ಷೆಗೆ ಕಳುಹಿಸಿರಬಹುದೇ ಎಂದುಕೊಂಡೆ. ಆಮೇಲೆ, ಬೇರೆ ಯಾರನ್ನೋ ಮೆಚ್ಚಿ ಈ ಸಂಬಂಧ ಮುರಿಯಲು ಹೂಡಿದ ಆಟವೇ ಎಂದೂ ಅನಿಸಿತು. ಅಷ್ಟರಲ್ಲಿ ಅವಳ ಕಣ್ಣು ತುಂಬಿ ಬಂದದ್ದು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

“ಕೇಳಿದ್ದನ್ನು ದಾಟಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ನೀವೇ ಹೇಳಬಹುದಲ್ಲ?”

“ಹುಡುಗಿ ಹೋಗಿ ಹೇಳುವ ಕ್ರಮ ಉಂಟಾ?”

“ಇಲ್ಲ” ಎಂದೆ. ಸುಳ್ಳು ಹೇಳುವುದಾದರೂ ಹೇಗೆ?

ಬಸ್ಸು ಬಂತು. ಅವಳು ಒಮ್ಮೆ, ಕಟ್ಟಿದ ಬೀಡಿ ಒಪ್ಪಿಸಬೇಕಿದ್ದ ಬ್ರಾಂಚಿನ ಕಡೆ ನೋಡಿದಳು. ಆಮೇಲೆ, “ಹೋಗುವ” ಎಂದು ನನಗಿಂತ ಮೊದಲೇ ಹತ್ತಿದಳು.

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ಬಂಟ್ವಾಳದ ದಾರಿಯಲ್ಲೇ ಸಿಗುವ ಪುಂಜಾಲಕಟ್ಟೆಯಲ್ಲಿ ಇಳಿದೆವು. ಅವಳು ಟೈಲರನ ಅಂಗಡಿ ಮೆಟ್ಟಿಲು ಹತ್ತಿದಳು. ನಾನು ಎದುರಿನ ಹೋಟೆಲಿನಲ್ಲಿ ಚಹಾ ಹೇಳಿ, ಕುಡಿಯಲಾಗದೆ ನೋಡುತ್ತ ಕುಳಿತೆ. ಮಾತು ಕೇಳಿಸುತ್ತಿರಲಿಲ್ಲ. ಹೊಲಿಗೆ ಮೆಷಿನ್ ನಿಂತದ್ದು ಮಾತ್ರ ಕಂಡಿತು. ಮುಗಿಯಿತು, ಹುಡುಗಿಯ ಬಾಳು ಹಾಳಾಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು.

“ಏನೆಂದರು?”

“ಮಾತ್ರೆ ಊಟಕ್ಕೆ ಮೊದಲಾ, ಊಟ ಆದ ಮೇಲಾ ಅಂತ ಕೇಳಿದ್ರು.”

ಮುಖ ನೋಡಿ ಬೇಡವೆನ್ನಲಾಗದ ದಾಕ್ಷಿಣ್ಯ ಇರಬೇಕು, ಇವತ್ತಲ್ಲ ನಾಳೆ ಬೇಡ ಎಂದು ಹೇಳಿ ಕಳುಹಿಸುತ್ತಾರೆ ಎಂದು ನನ್ನ ಲೆಕ್ಕಾಚಾರ. ಹೇಳಿ ಕಳುಹಿಸಲಿಲ್ಲ. ಮದುವೆಯೇ ಆಯಿತು. ಗಿರಿಜಕ್ಕ ನನ್ನನ್ನು ಗಂಡಿನ ಕಡೆಯ ಪಂಕ್ತಿಯಲ್ಲೇ ಕೂರಿಸಿ ಬಡಿಸಿದರು. ನಾನು ಯಾರೆಂದು ಎಷ್ಟು ಹೇಳಿದರೂ, “ಗೊತ್ತುಂಟು, ಗೊತ್ತುಂಟು” ಎಂದು ನಕ್ಕರು. ಜಲಜ ಮಾತ್ರೆಯ ಡಬ್ಬಿಯನ್ನು ಗಂಡನ ಮೆಷಿನ್ನಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಡುತ್ತಿದ್ದಳು. ನನಗೆ ಪದವಿಯೂ ಸಿಕ್ಕಿತು. ಕ್ಷೇಮ ಎಂದರೇನೆಂದು ಪ್ರಬಂಧದಲ್ಲಿ ಏನೇನೋ ಬರೆದೆ. ಆ ಡಬ್ಬಿಯ ಬಗ್ಗೆ ಬರೆಯುವಂತಿರಲಿಲ್ಲ, ಮಾತು ಕೊಟ್ಟಿದ್ದೆನಲ್ಲ.

ಮೊನ್ನೆ ಇದನ್ನೆಲ್ಲ ನೆನೆಯುತ್ತ ಮನೆಗೆ ಬಂದೆ. ನಿಮಗೊಂದು ವಿಷಯ ಹೇಳಿರಲಿಲ್ಲ. ನಾನು ಮೂಡಬಿದ್ರೆಗೆ ಹೋದದ್ದು ಡಾಕ್ಟರರನ್ನು ನೋಡಲು. ಕೆಲವು ಸಮಯದಿಂದ ಬಲಗೈ ನಡುಗುತ್ತದೆ. ಲೋಟವನ್ನು ಎರಡು ಕೈಯಲ್ಲಿ ಹಿಡಿಯುವುದೇಕೆ ಎಂದು ಹೆಂಡತಿ ಕೇಳಿದಾಗಲೆಲ್ಲ ಬಿಸಿ ಎನ್ನುತ್ತಿದ್ದೆ. ಜೇಬಿನಲ್ಲಿದ್ದ ಮಾತ್ರೆಗಳನ್ನು ತೆಗೆದು ಊಟದ ಮೇಜಿನ ಮೇಲೆ, ಅವಳ ಎದುರಿಗೇ ಇಟ್ಟೆ. ಎಲ್ಲವನ್ನೂ ಹೇಳಿದೆ.

ಅವಳು ಅಳಲಿಲ್ಲ, ಗಾಬರಿಯಾಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಇನ್ನೆಂತ ಅಡಗಿಸಿದ್ದೀರಿ?”

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಹೇಳಿ ಮುಗಿಸುವಷ್ಟರಲ್ಲಿ ಸಾರು ತಣ್ಣಗಾಗಿತ್ತು.