ಬಾಗಿನ ಹೊತ್ತ ಸೈಕಲ್ಲು

ನಾಲೆ ಏರಿಯ ಮೇಲೆ ಸೈಕಲ್ಲು ಇದ್ದಕ್ಕಿದ್ದಂತೆ ಭಾರವಾಯಿತು. ಮೊದಲು ನನ್ನ ಮಂಡಿಯನ್ನೇ ಬೈದುಕೊಂಡೆ. ಐವತ್ತೆರಡು ವರ್ಷಕ್ಕೆ ಮಂಡಿ ಕೈ ಕೊಡುವುದು ದೊಡ್ಡ ವಿಷಯವೇನಲ್ಲ. ಇನ್ನೊಂದು ಹತ್ತು ಮಾರು ತುಳಿಯುವಷ್ಟರಲ್ಲಿ ಹಿಂದಿನ ಚಕ್ರ ನೆಲಕ್ಕೆ ಕೂತುಬಿಟ್ಟಿತು. ಇಳಿದು ನೋಡಿದರೆ ಟೈರಿನಲ್ಲಿ ಬೆರಳುದ್ದದ ಜಾಲಿ ಮುಳ್ಳು. ಮಳೆ ಬೇರೆ ಬಿಡದೆ ಸುರಿಯುತ್ತಿತ್ತು. ಕ್ಯಾರಿಯರ್ ಮೇಲೆ ಅಕ್ಕನಿಗೆಂದು ಕಟ್ಟಿದ ಗೌರಿ ಬಾಗಿನ, ಒಂದರ ಮೇಲೊಂದು ಕವುಚಿದ ಎರಡು ಮೊರ, ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ನನಗಿಂತ ಸುಖವಾಗಿ ಕೂತಿತ್ತು.

ಹದಿನಾರು ಗ್ರಾಮದ ಪಕ್ಕದ ನಮ್ಮೂರಿನಿಂದ ನರಸೀಪುರದ ಅಂಚಿನಲ್ಲಿರುವ ಅಕ್ಕನ ಮನೆಗೆ ಪ್ರತಿ ಗೌರಿ ಹಬ್ಬಕ್ಕೂ ಬಾಗಿನ ಹೋಗುತ್ತದೆ. ಮೊದಲು ಅಪ್ಪ ಒಯ್ಯುತ್ತಿದ್ದರು, ಅವರ ನಂತರ ನಾನು. ಬಸ್ಸಿನಲ್ಲೋ ಸ್ಕೂಟರಿನಲ್ಲೋ ಹೋಗಿ ಹೋಳಿಗೆ ಊಟ ಮಾಡಿಕೊಂಡು ಬರುವುದು ವಾಡಿಕೆ. ಆ ವರ್ಷ ಹೊಳೆ ಉಕ್ಕಿ ಸೇತುವೆಯ ಮೇಲೆ ನೀರು ಬಂದು ಬಸ್ಸು ನಿಂತಿತ್ತು. ರಾತ್ರಿಯೆಲ್ಲ ಮಳೆಯಲ್ಲಿ ನೆಂದ ಸ್ಕೂಟರು ಎಷ್ಟು ಒದ್ದರೂ ಉಸಿರೆತ್ತಲಿಲ್ಲ. ನಾನು ಅದನ್ನು ಒದೆಯುತ್ತಿದ್ದ ರೀತಿ ನೋಡಿ ನನ್ನ ಹೆಂಡತಿ, "ಸಿಟ್ಟು ಅದರ ಮೇಲಾ, ಚಿಕ್ಕಮ್ಮನ ಮೇಲಾ?" ಎಂದು ಕೇಳಿದಳು. ನಾನು ಅಟ್ಟದ ಕೆಳಗಿದ್ದ ಹಳೆಯ ಸೈಕಲ್ಲನ್ನು ಹೊರಗೆಳೆದೆ. ಸೇತುವೆಯ ಗೊಡವೆಯಿಲ್ಲದೆ ನಾಲೆ ಏರಿಯ ಮೇಲೇ ಹೋದರಾಯಿತು ಅಂದುಕೊಂಡೆ.

ಸಿಟ್ಟು ಚಿಕ್ಕಮ್ಮನ ಮೇಲೇ. ಯುಗಾದಿ ಕಳೆದ ವಾರಕ್ಕೆ ಭಾವ ತೀರಿಕೊಂಡಿದ್ದರು. ಗದ್ದೆಯಿಂದ ಬಂದು ನೀರು ಕೇಳಿದವರು, ಅಕ್ಕ ಚೊಂಬು ತರುವಷ್ಟರಲ್ಲಿ ಇರಲಿಲ್ಲ. ಹಬ್ಬದ ಹಿಂದಿನ ದಿನ ಚಿಕ್ಕಮ್ಮ ನಮ್ಮ ಜಗಲಿಯಲ್ಲಿ ಕೂತು, "ಇನ್ಮೇಲೆ ಅವ್ಳಿಗೆ ಬಾಗಿನ ಬೇಡ ಕಣಪ್ಪ. ಮುತ್ತೈದೇರ್ಗೆ ಕೊಡೋದು ಅದು. ಬೇಕಾದ್ರೆ ಇನ್ನೊಂದ್ ದಿನ ಸೀರೆ ಕೊಟ್ಬುಟ್ ಬಾ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ತವರಿನವರು ಬರುವುದು ಅಕ್ಕನನ್ನು ನೋಡಲಿಕ್ಕೋ, ಭಾವನನ್ನು ನೋಡಲಿಕ್ಕೋ ಎಂದು ಕೂಗಾಡಿಬಿಟ್ಟೆ. ಚಿಕ್ಕಮ್ಮ ಕಣ್ಣೊರೆಸಿಕೊಂಡು ಎದ್ದು ಹೋದರು. ಗೆದ್ದೆ ಅಂದುಕೊಂಡೆ. ನಿಜ ಹೇಳುತ್ತೇನೆ, ಆ ರಾತ್ರಿ ನನ್ನ ಬಗ್ಗೆ ನನಗೇ ಬಹಳ ಹೆಮ್ಮೆಯಾಗಿತ್ತು.

ಅಕ್ಕನಿಗೆ ಫೋನ್ ಮಾಡಿರಲಿಲ್ಲ. ಮಾಡಿದರೆ ಬರಬೇಡ ಅನ್ನುತ್ತಾಳೆ, ಅಂದಮೇಲೆ ಹೋಗುವುದು ಕಷ್ಟ. ಹೇಳದೆ ಹೋಗಿ ನಿಂತರೆ ಬಾಗಿಲಿನಿಂದ ವಾಪಸ್ ಕಳಿಸುವವಳಲ್ಲ. ಹೊತ್ತು ಮೀರದ ಹಾಗೆ ಅವಳ ಮುಂದೆ ಬಾಗಿನ ಇಡಬೇಕು, ಅಷ್ಟೇ ನನ್ನ ಲೆಕ್ಕಾಚಾರವಿದ್ದದ್ದು.

ಏರಿಯ ಕೆಳಗೆ ಗದ್ದೆ ಬದುವಿನ ಪಕ್ಕ ಒಂದು ದನದ ಕೊಟ್ಟಿಗೆ, ಅದರೊಳಗಿಂದ ಹೊಗೆ. ಸೈಕಲ್ಲನ್ನು ತಳ್ಳಿಕೊಂಡು ಇಳಿದೆ. ಒಳಗೆ ಒಬ್ಬ ಮುದುಕಿ ಮೂರು ಕಲ್ಲಿನ ಒಲೆಯ ಮೇಲೆ ದನಕ್ಕೆ ಹುರುಳಿ ಬೇಯಿಸುತ್ತಿದ್ದಳು. ಹಬ್ಬ ಎಂದು ದನಕ್ಕೆ ಗೊತ್ತಾಗುತ್ತದೆಯೇ.

"ಅವ್ವಾ, ಪಂಕ್ಚರ್ ಆಗದೆ. ಒಸಿ ಜಾಗ ಕೊಡ್ತೀಯಾ?" ಎಂದೆ.

"ಬಾ ಮಗಾ. ಎಮ್ಮೆ ಕಡೀಕ್ ಓಗ್‌ಬೇಡ, ಒದೀತದೆ" ಎಂದಳು.

ಸೀಟಿನ ಕೆಳಗಿನ ಚೀಲದಲ್ಲಿ ಟೈರು ಬಿಡಿಸುವ ಎರಡು ಲಿವರ್, ಹಳೆಯ ಟ್ಯೂಬಿನ ತುಂಡುಗಳು, ಅರ್ಧ ಒಣಗಿದ ಒಂದು ಸಲ್ಯೂಷನ್ ಅಂಟಿನ ಟ್ಯೂಬು ಇದ್ದವು. ಗಾಳಿ ಪಂಪನ್ನು ಸೈಕಲ್ಲಿನ ಬಾರಿಗೆ ಕಟ್ಟಿಕೊಂಡು ಬಂದಿದ್ದೆ. ಪಂಕ್ಚರ್ ಹಾಕುವುದು ನನಗೆ ಗೊತ್ತು. ಹುಲ್ಲಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ನಾನು ದಿನಾ ಸೈಕಲ್ಲಿನಲ್ಲೇ ಓಡಾಡಿದವನು. ಟೈರು ಬಿಡಿಸಿ, ಟ್ಯೂಬಿಗೆ ಗಾಳಿ ತುಂಬಿ, ಎಮ್ಮೆಯ ಬಾನಿಯ ನೀರಿನಲ್ಲಿ ಮುಳುಗಿಸಿದೆ. ಗುಳ್ಳೆ ಬಂತು. ತೂತು ಸಿಕ್ಕಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ ಶುರುವಾಯಿತು ಫಜೀತಿ. ಪಂಕ್ಚರಿಗೆ ಮೊದಲು ಬೇಕಾದದ್ದು ಒಣ ಜಾಗ. ನನ್ನ ಕೈ ಒದ್ದೆ, ಅಂಗಿ ಒದ್ದೆ, ಜೇಬಿನ ಕರ್ಚೀಫು ಹಿಂಡಿದರೆ ಒಂದು ಲೋಟ ನೀರು. ಆ ಕರ್ಚೀಫಿನಲ್ಲೇ ಟ್ಯೂಬು ಒರೆಸಿ, ಒಲೆಯ ಕಲ್ಲಿಗೆ ಉಜ್ಜಿ ಒರಟು ಮಾಡಿ, ಸಲ್ಯೂಷನ್ ಬಳಿದು ತುಂಡನ್ನು ಅಂಟಿಸಿದೆ. ಗಾಳಿ ತುಂಬಿದ ಕೂಡಲೇ ತುಂಡು ಮೀನಿನ ಪೊರೆಯ ಹಾಗೆ ಎದ್ದು ಬಂತು. ಮತ್ತೆ ಒರೆಸಿ ಮತ್ತೆ ಅಂಟಿಸಿದೆ, ಈ ಸಲ ಊದಿ ಊದಿ ಒಣಗಿಸಿದೆ. ಅದೂ ಎದ್ದಿತು. ಟ್ಯೂಬನ್ನು ನೆಲಕ್ಕೆ ಎಸೆದೆ. ಮಕ್ಕಳಿಗೆ ಮೂವತ್ತು ವರ್ಷದಿಂದ ತಾಳ್ಮೆ ಹೇಳಿಕೊಡುತ್ತಿರುವ ಮೇಷ್ಟ್ರು ನಾನು. ನನಗೇ ಅದು ಇನ್ನೂ ಬಂದಿಲ್ಲ.

"ಊದುದ್ರೆ ಒಣಗ್ತದಾ? ನಿನ್ ಉಸ್ರೂವೆ ತ್ಯಾವ್ವೇ ಅಲ್ವಾ?" ಎಂದಳು ಮುದುಕಿ. ಅಲ್ಲಿಯವರೆಗೆ ಅವಳು ನನ್ನನ್ನೇ ನೋಡುತ್ತಿದ್ದಳು ಎಂದು ಗೊತ್ತಾಗಿ ನಾಚಿಕೆಯಾಯಿತು. ಅವಳ ಕಣ್ಣು ಕ್ಯಾರಿಯರ್ ಮೇಲಿನ ಮೊರದ ಕಡೆ ಹೋಯಿತು. "ಬಾಗಿನ್ವಾ? ಯಾರ್ಗೆ?"

"ನಮ್ಮಕ್ಕಂಗೆ. ನರಸೀಪುರ."

"ನಿಮ್ ಭಾವ ಏನ್ ಮಾಡ್ಕೊಂಡವ್ರೆ?"

"ವ್ಯವಸಾಯ," ಎಂದೆ. "ಚೆನ್ನಾಗವ್ರೆ."

ಮಾತು ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಚಿಕ್ಕಮ್ಮನ ಮುಂದೆ ಊರೆಲ್ಲ ಕೇಳುವಂತೆ ಕೂಗಾಡಿದವನು, ಗುರುತು ಪರಿಚಯವಿಲ್ಲದ ಒಬ್ಬ ಮುದುಕಿಯ ಮುಂದೆ ಸತ್ತ ಭಾವನನ್ನು ಬದುಕಿಸಿದ್ದೆ. ಅವಳೂ ಎಲ್ಲಿ ಬಾಗಿನ ಬೇಡ ಅಂದುಬಿಡುತ್ತಾಳೋ ಎಂದು ಹೆದರಿದ್ದೆ, ಅಷ್ಟೇ.

"ಆಗಿದ್ರೆ ಯಾಕಿಂಗೆ ಆಡ್ತೀಯೆ? ಮಳೆ ನಿಂತ್ ಮ್ಯಾಲೆ ಓಗು. ಸಂಜೀಗೆ ಕೊಟ್ರಾಯ್ತದೆ" ಎಂದು ಅವಳು ಹುರುಳಿ ತಿರುವತೊಡಗಿದಳು.

ನಾನು ಸಲ್ಯೂಷನ್ ಟ್ಯೂಬನ್ನು ಹಿಂಡಿ ನೋಡಿದೆ. ಇನ್ನೊಂದೇ ಒಂದು ಸಲಕ್ಕೆ ಆಗುವಷ್ಟು ಉಳಿದಿತ್ತು. ಅದೂ ಕೆಟ್ಟರೆ ತಳ್ಳಿಕೊಂಡು ಮನೆಗೆ ಹೋಗುವುದೇ ಗತಿ. ಹೋಗಿ ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತೆ.

"ಅವ್ವಾ, ಸುಳ್ಳು ಏಳ್ದೆ. ನಮ್ ಭಾವ ಇಲ್ಲ. ಯುಗಾದೀಲಿ ಓಗ್‌ಬುಟ್ರು."

ಅವಳ ಕೈಯಲ್ಲಿದ್ದ ಸೌಟು ನಿಂತಿತು. ಈಗ ಬೈಯುತ್ತಾಳೆ ಎಂದು ತಲೆ ತಗ್ಗಿಸಿದೆ.

"ಮೊದ್ಲೇ ಏಳ್ಬಾರ್ದಾ?" ಎಂದಳು. "ಗಂಡ ಇರೋಳಾದ್ರೆ ತವ್ರೋರ್ಗೆ ಅಂತ ಸಂಜೆಗಂಟ ಕಾಯ್ತಾಳೆ. ಇವ್ಳು ಮದ್ಯಾನಕ್ಕೇ ಬಾಗ್ಲಾಕ್ಕೊಂಡು ಮನೀಕೊಬುಡ್ತಾಳೆ ಕಣಪ್ಪ. ಏಳು, ತಾ ಇಲ್ಲಿ ಅದ."

ತಾಳಿಯಿಲ್ಲದ ಅವಳ ಕುತ್ತಿಗೆ, ಬಳೆಯಿಲ್ಲದ ಕೈಗಳನ್ನು ನಾನು ಆಗ ನೋಡಿದೆ. ಅಲ್ಲಿಯವರೆಗೆ ನೋಡಿರಲಿಲ್ಲ.

ಮುದುಕಿ ಹುರುಳಿಯ ಮಡಕೆಯನ್ನು ಇಳಿಸಿ ಬೆಂಕಿಯನ್ನು ಕೆದಕಿ ಕೆಂಡ ಮಾಡಿದಳು. ಅಟ್ಟದ ಬಿದಿರಿನ ಸಂದಿಯಿಂದ, ಹೊಗೆ ಹಿಡಿದು ಗರಿಗರಿಯಾಗಿ ಒಣಗಿದ್ದ ಹಳೆಯ ಸೀರೆಯ ತುಂಡೊಂದನ್ನು ಎಳೆದು ಕೊಟ್ಟಳು. ಅದರಲ್ಲಿ ಟ್ಯೂಬು ಒರೆಸಿ, ಕೆಂಡದ ಶಾಖಕ್ಕೆ ಎರಡು ಗೇಣು ದೂರದಲ್ಲಿ ಹಿಡಿದು ತಿರುಗಿಸಿದೆ. ನನ್ನ ಬೆನ್ನ ಮೇಲಿನ ನೀರು ಟ್ಯೂಬಿಗೆ ತೊಟ್ಟಿಕ್ಕದಂತೆ ಅವಳು ಮೊರದ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದಳು. ಸಲ್ಯೂಷನ್ ಬಳಿದು ತುಂಡನ್ನು ಅಂಟಿಸಲು ಹೋದೆ. ಮುಂಗೈ ಮೇಲೆ ಒಂದು ಏಟು ಬಿತ್ತು.

"ಇರು. ಆತ್ರ ಪಡ್ಬೇಡ."

ಇಬ್ಬರೂ ಆ ಟ್ಯೂಬನ್ನೇ ನೋಡುತ್ತ ಕೂತೆವು. ಸೂರಿನಿಂದ ನೀರು ಇಳಿಯುತ್ತಿತ್ತು, ಎಮ್ಮೆ ಹುರುಳಿಗಾಗಿ ಗೂಟವನ್ನು ಜಗ್ಗುತ್ತಿತ್ತು. ಅವಳು ಆಗಾಗ ಕಿರುಬೆರಳಿನಲ್ಲಿ ಸಲ್ಯೂಷನ್ ಮುಟ್ಟಿ ನೋಡುತ್ತಿದ್ದಳು. ಬೆರಳಿಗೆ ಅಂಟದಿದ್ದಾಗ, "ಊಂ" ಎಂದಳು. ತುಂಡು ಇಟ್ಟು ಒತ್ತಿದೆ. ಅವಳು ಒಂದು ಹಿತ್ತಾಳೆ ಲೋಟಕ್ಕೆ ನಾಲ್ಕು ಕೆಂಡ ಹಾಕಿ, ತುಂಡಿನ ಮೇಲೆ ಸೀರೆ ಬಟ್ಟೆ ಹಾಸಿ, ಇಸ್ತ್ರಿ ಹಾಕುವಂತೆ ಮೆಲ್ಲಗೆ ಒತ್ತಿದಳು. ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರೆ ಒಂದು ಗುಳ್ಳೆಯೂ ಇಲ್ಲ. ನನಗೆ ಅವಳ ಕಾಲು ಮುಟ್ಟಬೇಕು ಅನ್ನಿಸಿತು, ಮುಟ್ಟಿದೆ. "ಓಗೋ, ಓಗೋ" ಎಂದು ಓಡಿಸಿದಳು.

ಅಕ್ಕನ ಬೀದಿ ಸೇರುವಾಗ ಹನ್ನೆರಡೂವರೆ. ಅಕ್ಕಪಕ್ಕದ ಮನೆಗಳ ಬಾಗಿಲಿಗೆಲ್ಲ ಮಾವಿನ ತೋರಣ. ಅಕ್ಕನ ಮನೆಯ ಬಾಗಿಲು ಹಾಕಿತ್ತು. ತಟ್ಟಿದೆ. ಕರೆದೆ. ಬಹಳ ಹೊತ್ತಿನ ಮೇಲೆ ಚಿಲಕ ತೆಗೆದಳು. ಕೆನ್ನೆಯ ಮೇಲೆ ಚಾಪೆಯ ಗೀರು ಮೂಡಿತ್ತು. ನನ್ನನ್ನು ನೋಡಿದಳು, ಕ್ಯಾರಿಯರ್ ನೋಡಿದಳು, ಒಳಗೆ ಹೋಗಿ ಟವಲು ತಂದಳು. ನಾನು ತಲೆ ಒರೆಸಿಕೊಳ್ಳುವವರೆಗೂ ನಿಂತಿದ್ದು, ಆಮೇಲೆ ನೆಲದ ಮೇಲೆ ಕೂತು ಮೊರಕ್ಕೆ ಕಟ್ಟಿದ್ದ ದಾರವನ್ನು ತಾನೇ ಬಿಚ್ಚಿದಳು.

ಅಕ್ಕಿ, ತೊಗರಿಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ. ಒಂದು ಕಾಳೂ ನೆಂದಿರಲಿಲ್ಲ. ಅಕ್ಕ ಕಣವನ್ನು ಎತ್ತಿ ಕೆಳಗೆ ನೋಡಿದಳು. ಅಕ್ಕಿಯನ್ನು ಬೆರಳಿನಿಂದ ಆಚೀಚೆ ಸರಿಸಿದಳು. ಏನೋ ಹುಡುಕುತ್ತಿದ್ದಾಳೆ ಎಂದು ಗೊತ್ತಾಯಿತು.

"ಬಳೆ ಎಲ್ಲೋ?" ಎಂದಳು.

ಬಳೆ ಇತ್ತು. ನನ್ನ ಹೆಂಡತಿ ಒಂದನ್ನೂ ಬಿಡದೆ ಎಲ್ಲ ಇಟ್ಟಿದ್ದಳು. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ, ಮನೆಯಲ್ಲಿ ಬೇರೆ ಯಾರೂ ಎದ್ದಿಲ್ಲದಾಗ, ನಾನೇ ಮೊರ ತೆರೆದು ಬಳೆಯನ್ನು ತೆಗೆದು ದೇವರ ಗೂಡಿನಲ್ಲಿಟ್ಟಿದ್ದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ, ಅಕ್ಕನಿಗೆ ನೋವಾಗಬಾರದು ಎಂದು ಹೇಳುತ್ತಿದ್ದೆ. ಅದು ಸುಳ್ಳು. ಹೆದರಿಕೆ ನನ್ನದು.

"ತೆಗ್ದಿಟ್ಟೆ ಕಣಕ್ಕ," ಎಂದೆ.

ಅಕ್ಕ ತನ್ನ ಎರಡೂ ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡಳು. "ಅವತ್ತು ಅವ್ರೆಲ್ಲ ಸೇರ್ಕೊಂಡು ತೆಗುದ್ರು. ಇವತ್ತು ನೀನೂ ತೆಗ್ದ್‌ಬುಟ್ಯಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಅಳಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವಂತೆ ಕೇಳಿದಳು. ನಾನೇ ಅತ್ತುಬಿಟ್ಟೆ, ಹಿಡಿತವಿಲ್ಲದೆ ಅತ್ತೆ. ಅಕ್ಕ ಟವಲನ್ನು ಮತ್ತೆ ನನ್ನ ಕೈಗೆ ಹಾಕಿದಳು.

ಮುಖ ಒರೆಸಿಕೊಂಡು ಮೊರದ ದಾರವನ್ನು ತೆಗೆದುಕೊಂಡೆ. "ಕೈ ಕೊಡು" ಎಂದೆ. ಇಷ್ಟು ವರ್ಷ ಅಂಗಡಿಯವನು ಕಟ್ಟಿಕೊಟ್ಟ ಬಳೆಯನ್ನು ತಂದು ಕೊಟ್ಟು ಹೋಳಿಗೆ ತಿಂದು ಹೋಗಿದ್ದೆ. ಅವು ಅವಳ ಕೈಗೆ ಆಗುತ್ತಿದ್ದವೋ ಇಲ್ಲವೋ ನಾನು ಒಮ್ಮೆಯೂ ಕೇಳಿರಲಿಲ್ಲ. ಅಕ್ಕ ಐದೂ ಬೆರಳನ್ನು ಒಟ್ಟು ಮಾಡಿ, ಬಳೆಗಾರನ ಮುಂದೆ ಚಾಚುವ ಹಾಗೆ ಕೈ ಚಾಚಿದಳು. ಗಿಣ್ಣಿನ ಸುತ್ತ ದಾರ ಸುತ್ತಿ, ಅಳತೆಗೆ ಗಂಟು ಹಾಕಿ ಜೇಬಿಗಿಟ್ಟುಕೊಂಡೆ. ಸೈಕಲ್ಲನ್ನು ಪೇಟೆಯ ಕಡೆಗೆ ತಿರುಗಿಸುವಾಗ ಅವಳು ಬಾಗಿಲಿಗೆ ಬಂದು, ಅಕ್ಕಪಕ್ಕದವರಿಗೆಲ್ಲ ಕೇಳಿಸುವ ಹಾಗೆ ಕೂಗಿದಳು.

"ಗಾಜಿಂದು ತಗೋ ಕಣೋ. ಅಸ್ರು ಬಳೇನೇ ತಗೊಂಡ್ ಬಾ."